ಜರ್ಮನ್ ಹೋಟೆಲಿನಲ್ಲಿ ಸಂಕಷ್ಟಿ

ನೈರೋಬಿಯಲ್ಲಿದ್ದ ನಮ್ಮ ಕನ್ನಡದವರಿಗೆ ಇಬ್ಬರು ಚಂದ್ರರಿದ್ದರು. ಒಬ್ಬ ನೈರೋಬಿ ಚಂದ್ರ, ಇನ್ನೊಬ್ಬ ಬೆಂಗಳೂರು ಚಂದ್ರ. ಸಂಕಷ್ಟಿಯ ದಿನ ಹಗಲೆಲ್ಲ ಉಪವಾಸವಿದ್ದು, ರಾತ್ರಿ ಚಂದ್ರನನ್ನು ನೋಡಿದ ಮೇಲೆ ಊಟ ಮಾಡಬೇಕಷ್ಟೆ. ಯಾವ ಊರಿನ ಚಂದ್ರ ಎಂದು ಶಾಸ್ತ್ರದಲ್ಲಿ ಬರೆದಿರಲಿಲ್ಲ. ಶಾಸ್ತ್ರ ಬರೆದವರು ಯಾರೂ ಆಫ್ರಿಕಕ್ಕೆ ನೌಕರಿಗೆಂದು ಬಂದಿರಲಿಲ್ಲ.

ನಮ್ಮ ಯಜಮಾನರು ಬೆಂಗಳೂರು ಚಂದ್ರನ ಪಕ್ಷ. ಔಷಧಿ ಕಾರ್ಖಾನೆಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರಾಗಿದ್ದವರು, ಎಲ್ಲದಕ್ಕೂ ಒಂದು ವಿಧಾನ ಇರಬೇಕು ಅವರಿಗೆ. ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರು ಬೆಂಗಳೂರಿನದು. ಅದರಲ್ಲಿ ಚಂದ್ರೋದಯ ರಾತ್ರಿ ಒಂಬತ್ತಕ್ಕೆ ಎಂದಿದ್ದರೆ, ಇಲ್ಲಿಗೂ ಅಲ್ಲಿಗೂ ಇರುವ ಎರಡೂವರೆ ಗಂಟೆಯನ್ನು ಕಳೆದು ಆರೂವರೆಗೆ ತಟ್ಟೆ ಮುಂದೆ ಕೂತುಬಿಡುತ್ತಿದ್ದರು. ಹೊರಗೆ ಸೂರ್ಯ ಇನ್ನೂ ಪೂರ್ತಿ ಮುಳುಗಿರುತ್ತಿರಲಿಲ್ಲ. ಕೇಳಿದರೆ, “ಬೆಂಗಳೂರಲ್ಲಿ ಬಂದಾಯ್ತಲ್ಲ” ಎನ್ನುತ್ತಿದ್ದರು. ನಮ್ಮ ಕನ್ನಡದವರಲ್ಲಿ ಅರ್ಧ ಜನ ಅವರ ಹಾಗೇ ಮಾಡುತ್ತಿದ್ದರು, ಅದಕ್ಕೆ ಕಾರಣ ಭಕ್ತಿಯಲ್ಲ, ಹಸಿವು.

ನಾನು ನೈರೋಬಿ ಚಂದ್ರನ ಪಕ್ಷ, ಅದರಲ್ಲೂ ಕಟ್ಟಾಳು. ತಲೆಯ ಮೇಲಿರುವ ಆಕಾಶ ಬಿಟ್ಟು ಮೂರು ಸಾವಿರ ಮೈಲಿ ಆಚೆಯ ಆಕಾಶಕ್ಕೆ ಕೈ ಮುಗಿಯುವುದು ಯಾವ ಸೀಮೆ ವ್ರತ? ಹಾಗಾದರೆ ಬೆಂಗಳೂರಲ್ಲಿ ಬೆಳಗಾದಾಗಲೇ ಎದ್ದು ಸ್ನಾನ ಮಾಡಿ ಎಂದು ಎಷ್ಟು ಸಲ ಅವರನ್ನು ಹಂಗಿಸಿದ್ದೇನೋ. ಲ್ಯಾವಿಂಗ್ಟನ್ನಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಲೆಕ್ಕ ತಪ್ಪಿದವರನ್ನು ಬಿಟ್ಟು ಅಭ್ಯಾಸವಿಲ್ಲ.

ನನ್ನ ಗೆಳತಿ ಮಂಗಳೂರಿನವಳು. ಯಾವ ಚಂದ್ರನ ಪಕ್ಷವೂ ಅಲ್ಲ, ಯಾವ ದೇವರ ಪಕ್ಷವೂ ಅಲ್ಲ. ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸುವ ಒಂದು ವಿದೇಶಿ ಸಂಸ್ಥೆಯಲ್ಲಿದ್ದಳು. ಮದುವೆಯಾಗಿರಲಿಲ್ಲ. ಯಾಕೆ ಎಂದು ನಮ್ಮ ಹೆಂಗಸರೆಲ್ಲ ಕೇಳಿ ಕೇಳಿ ಸೋತಿದ್ದರು. ನಾನು ಅವಳನ್ನು ಮೊದಲು ನೋಡಿದ್ದು ಕನ್ನಡ ರಾಜ್ಯೋತ್ಸವದ ಕೂಟದಲ್ಲಿ. ಹೊಸಬರು ಮೈಕಿನ ಮುಂದೆ ಬಂದು ಪರಿಚಯ ಹೇಳಿಕೊಳ್ಳಬೇಕು ಎಂದಾಗ, ಎಲ್ಲರೂ ಕನ್ನಡ ಪ್ರೇಮದ ಬಗ್ಗೆ ಮಾತಾಡಿದ ಮೇಲೆ ಇವಳು ಹೋಗಿ, “ನಾನು ಬಂದದ್ದು ಊಟಕ್ಕೆ. ಇಡ್ಲಿ ಉಂಟು ಅಂತ ಹೇಳಿದ್ರು” ಎಂದು ಹೇಳಿ ಇಳಿದಳು. ಆವತ್ತೇ ಅವಳ ಪಕ್ಕ ಜಾಗ ಹಿಡಿದೆ. ಆಮೇಲೆ ಬಿಡಲಿಲ್ಲ.

ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿದ್ದು ನಾವು ಸ್ನೇಹಿತರಾಗಿ ಆರೇಳು ವರ್ಷವಾದ ಮೇಲೆ. ಒಳ್ಳೆಯ ಗಡ್ಡೆಯಲ್ಲ ಎಂದರು ಡಾಕ್ಟರು. ಹೊಟ್ಟೆಯ ಮುಕ್ಕಾಲು ಪಾಲು ತೆಗೆಯಬೇಕು, ತೆಗೆದರೆ ಉಳಿಯಬಹುದು, ಒಳಗೆ ಎಷ್ಟು ಹಬ್ಬಿದೆ ಎನ್ನುವುದು ತೆರೆದ ಮೇಲೆ ಗೊತ್ತಾಗುತ್ತದೆ ಎಂದರು. ನಾನೂ ಜೊತೆಗಿದ್ದೆ. ಇವಳು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: ಆಮೇಲೆ ಊಟದ ಗತಿ ಏನು? ಸ್ವಲ್ಪ ಸ್ವಲ್ಪ ತಿನ್ನಬೇಕು, ಒಂದು ಸಲಕ್ಕೆ ಒಂದು ಹಿಡಿ ಎಂದರು. ಅವಳ ಮುಖ ಬಿದ್ದುಹೋದದ್ದು ಆವಾಗ.

ಅದಕ್ಕೆ ಮುಂಚೆ ನನ್ನ ಸಂಕಷ್ಟಿ ಎಂದರೆ ಸಾಬೂದಾನಿ ಕಿಚಡಿ, ಬಾಳೆಹಣ್ಣು ಮತ್ತು ಮೂರು ಸಲ ಕಾಫಿ ಇರುವ ಉಪವಾಸ. ಡಾಕ್ಟರ ಹತ್ತಿರದಿಂದ ಬಂದ ಸಂಜೆ ಅಡುಗೆಮನೆಯ ಗೂಡಿನಲ್ಲಿದ್ದ ಗಣೇಶನ ಮುಂದೆ ನಿಂತು, ಅವಳು ಎದ್ದು ಓಡಾಡುವ ತನಕ ಹನಿ ನೀರೂ ಮುಟ್ಟದೆ ಸಂಕಷ್ಟಿ ಮಾಡುತ್ತೇನೆ, ಚಂದ್ರನನ್ನು ಕಣ್ಣಾರೆ ನೋಡದೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಹೇಳಿಕೊಂಡೆ. ಮಕ್ಕಳಿಗೆ ಸಂಭವನೀಯತೆಯ ಪಾಠ ಮಾಡುವ ಹೆಂಗಸು ನಾನು. ಅದಕ್ಕೇ ಯಾರಿಗೂ ಹೇಳಲಿಲ್ಲ. ಅವಳಿಗಂತೂ ಹೇಳಲೇ ಇಲ್ಲ. ಹೇಳಿದ್ದರೆ ನಕ್ಕು ನಕ್ಕು ಸಾಯುತ್ತಿದ್ದಳು ಎಂದು ಬರೆಯಹೊರಟೆ. ಆ ದಿನಗಳಲ್ಲಿ ಸಾಯುವ ಮಾತನ್ನು ಆಡುವುದನ್ನೇ ಬಿಟ್ಟಿದ್ದೆ.

ಆಪರೇಷನ್ನಿನ ದಿನ ಗೊತ್ತಾಯಿತು. ಅದು ಜುಲೈ ತಿಂಗಳು. ಅವಳು ಶಾಲೆಗೇ ಫೋನು ಮಾಡಿದಳು.

“ಹಿಂದಿನ ದಿನ ಸಂಜೆ ಕರೆನ್‌ನಲ್ಲಿ ಟೇಬಲ್ ಬುಕ್ ಮಾಡಿದ್ದೇನೆ. ಜರ್ಮನ್ ಹೋಟೆಲು. ನೀನು ಬರ್ಬೇಕು. ಇಡೀ ಹೊಟ್ಟೆ ಇರುವಾಗ ಒಂದು ಇಡೀ ಊಟ ಮಾಡುವ.”

“ನಿನಗೆ ಲೈಟಾಗಿ ತಿನ್ನೋಕೆ ಹೇಳಿದಾರಲ್ಲೇ?”

“ಒಂಬತ್ತು ಗಂಟೆ ನಂತರ ಏನೂ ಬೇಡ ಅಂತ ಹೇಳಿದ್ದಾರೆ. ಒಂಬತ್ತರವರೆಗೆ ನಂದೇ ರಾಜ್ಯ.”

ಆಗಲಿ ಎಂದೆ. ಮನೆಗೆ ಬಂದು ಕ್ಯಾಲೆಂಡರು ನೋಡಿದೆ. ಆ ದಿನದ ಚೌಕದಲ್ಲಿ ಪುಟ್ಟ ಗಣೇಶ ಕೂತಿದ್ದ. ಅದೇ ದಿನ ಸಂಕಷ್ಟಿ. ಆದರೆ ಲೆಕ್ಕ ಹಾಕಿ ನೋಡಿದರೆ ದಾರಿ ಇತ್ತು. ಇಂಟರ್‌ನೆಟ್ಟಿನಲ್ಲಿ ನೋಡಿದಾಗ ಆ ರಾತ್ರಿ ನೈರೋಬಿಯ ಚಂದ್ರೋದಯ ಎಂಟು ಇಪ್ಪತ್ತಕ್ಕೆ ಎಂದಿತ್ತು. ಅವಳ ಗಡುವು ಒಂಬತ್ತು. ನಡುವೆ ನಲವತ್ತು ನಿಮಿಷ, ಇಬ್ಬರೂ ಆರಾಮಾಗಿ ಊಟ ಮಾಡಬಹುದು. ನಾನು ಮರೆತದ್ದು ಒಂದೇ, ಜುಲೈ ತಿಂಗಳಲ್ಲಿ ನೈರೋಬಿಗೆ ಆಕಾಶವೇ ಇರುವುದಿಲ್ಲ. ಜೂನಿನಿಂದ ಆಗಸ್ಟಿನ ತನಕ ಊರಿನ ಮೇಲೆ ಒಂದು ಬೂದು ಕಂಬಳಿ ಹೊದಿಸಿಟ್ಟಿರುತ್ತದೆ.

ಆ ಸಂಜೆ ಪೂಜೆ ಮುಗಿಸಿ, ಪಂಚಕಜ್ಜಾಯವನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು ಕೆಳಗಿಳಿದೆ. ಅವಳ ಹಳೇ ಟೊಯೋಟ ಗೇಟಿನ ಹತ್ತಿರ ನಿಂತಿತ್ತು. ಡ್ರೈವ್ ಮಾಡಬೇಡ, ಟ್ಯಾಕ್ಸಿಯಲ್ಲಿ ಹೋಗೋಣ ಎಂದರೆ ಕೇಳಲಿಲ್ಲ. “ನಾಳೆಯಿಂದ ನನ್ನನ್ನು ತಳ್ಳು ಕುರ್ಚಿಯಲ್ಲಿ ಕೂರಿಸ್ತಾರೆ, ಇವತ್ತು ನಾನೇ ಓಡಿಸ್ತೇನೆ” ಎಂದು, ಅಡ್ಡ ಬಂದ ಬಾಡಿಗೆ ವ್ಯಾನು ಮಟಾಟುಗಳಿಗೆಲ್ಲ ತುಳುವಿನಲ್ಲಿ ಬೈಯುತ್ತ ಓಡಿಸಿದಳು. ಮಟಾಟು ಡ್ರೈವರುಗಳಿಗೆ ತುಳು ಬರುತ್ತಿರಲಿಲ್ಲವಾದ್ದರಿಂದ ಸುರಕ್ಷಿತವಾಗಿ ಊರಂಚಿನ ಕರೆನ್ ಬಡಾವಣೆ ತಲುಪಿದೆವು.

ಹೋಟೆಲು ದೊಡ್ಡ ಮರಗಳ ನಡುವೆ ಒಂದು ಹಳೆಯ ಬಂಗಲೆಯಲ್ಲಿತ್ತು. ಒಳಗೆ ಗೋಡೆಗೆಲ್ಲ ಮರದ ಹಲಗೆ, ಮೂಲೆಯಲ್ಲಿ ಬೆಂಕಿಗೂಡು, ಮೇಜಿನ ಮೇಲೆ ಮೋಂಬತ್ತಿ, ಗರಿಗರಿ ಬಿಳಿ ಬಟ್ಟೆ. ಅಡುಗೆಮನೆಯ ಬಾಗಿಲ ಮೇಲೆ ಕೊಂಬಿರುವ ಜಿಂಕೆಯ ತಲೆಯೊಂದನ್ನು ತೂಗುಹಾಕಿದ್ದರು. ಅದು ನಾನು ಕೂತ ಕುರ್ಚಿಯನ್ನೇ ನೋಡುತ್ತಿತ್ತು. ಬೆಚ್ಚಗಿತ್ತು, ಸುಖವಾಗಿತ್ತು. ಬೆಳಗಿನಿಂದ ನೀರೂ ಕುಡಿಯದವಳಿಗೆ ಆ ಸುಖದ ಜೊತೆ ಬೆಣ್ಣೆಯಲ್ಲಿ ಏನೋ ಹುರಿಯುತ್ತಿರುವ ವಾಸನೆಯೂ ಬರುತ್ತಿತ್ತು.

ವೇಟರು ನಡುವಯಸ್ಸಿನವನು, ಮೊಂಬಾಸಾ ಕಡೆಯವನು, ಕರೀ ವೇಸ್ಟ್‌ಕೋಟು ಹಾಕಿದ್ದ. ನನ್ನ ಲೋಟಕ್ಕೆ ನೀರು ಬಗ್ಗಿಸಲು ಬಂದ. ಬೇಡ ಎಂದೆ. ಗುಳ್ಳೆ ಬರುವ ನೀರು ಬೇಕೇ ಎಂದ. ಬೇಡ ಎಂದೆ. ಬಿಸಿನೀರು? ಬೇಡ ಎಂದೆ. ಅವನು ಗೆಳತಿಯ ಮುಖ ನೋಡಿದ.

ಅವಳು ನನ್ನ ಮುಖ ನೋಡಿದಳು. “ಎಂಥ, ಇವತ್ತು ಸಂಕಷ್ಟಿಯಾ?”

“ಹೂಂ.”

“ಛೆ! ಬೇರೆ ದಿನ ಸಿಗ್ಲಿಲ್ವಾ ನಿನ್ನ ಗಣಪತಿಗೆ? ಮೊದಲೇ ಹೇಳ್ಳಿಕ್ಕೆ ಏನಾಗಿತ್ತು ಮಾರಾಯ್ತಿ?”

“ಹೇಳಿದ್ರೆ ನೀನು ಬುಕಿಂಗ್ ಕ್ಯಾನ್ಸಲ್ ಮಾಡ್ತಿದ್ದೆ. ಎಂಟೂ ಇಪ್ಪತ್ತಕ್ಕೆ ಚಂದ್ರ ಬರ್ತಾನೆ. ಇಬ್ರೂ ಒಟ್ಟಿಗೆ ತಿನ್ನೋಣ. ಈಗ ನೀನು ಏನು ಬೇಕೋ ಹೇಳು.”

ಅವಳು ಹೇಳಿದ್ದು ಸ್ಪೆಟ್ಜ್ಲೆ ಎನ್ನುವ ಪದಾರ್ಥ. ನಮ್ಮ ಒತ್ತು ಶ್ಯಾವಿಗೆಯನ್ನು ಗಿಡ್ಡ ಗಿಡ್ಡ ತುಂಡು ಮಾಡಿ ಬೆಣ್ಣೆ, ಚೀಸು ಹಾಕಿ ಮೇಲೆ ಹುರಿದ ಈರುಳ್ಳಿ ಉದುರಿಸಿದ ಹಾಗೆ. ಮೀನು, ಮಾಂಸ ಎಲ್ಲ ತಿನ್ನುವವಳು. ನನ್ನ ಎದುರು ಕೂತು ಹಂದಿಮಾಂಸ ತಿನ್ನಲು ನಾಚಿಕೆಯೇ ಎಂದು ಕೇಳಿದೆ. “ಅದಕ್ಕೆ ಮುಂದಿನ ತಿಂಗಳು ಬರುವ, ನೀನು ಕಾರಲ್ಲಿ ಕೂತ್ಕೋ” ಎಂದಳು. ಮುಂದಿನ ತಿಂಗಳು, ಮುಂದಿನ ವರ್ಷ ಎಂದು ಸಂಜೆಯೆಲ್ಲ ಹೇಳುತ್ತಲೇ ಇದ್ದಳು. ಇವಳಿಗೆ ಭಯವೆಂಬುದೇ ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಕೋಪ.

ನನ್ನ ಊಟದ ಆರ್ಡರು ಕಷ್ಟವಾಯಿತು. ಸ್ಪೆಟ್ಜ್ಲೆಗೆ ಮೊಟ್ಟೆ ಹಾಕುತ್ತಾರೆ, ಆಗದು. ಆಲೂಗಡ್ಡೆಯ ದೋಸೆಯಂಥದ್ದು ಒಂದಿತ್ತು, ಅದಕ್ಕೂ ಮೊಟ್ಟೆ, ಈರುಳ್ಳಿ ಬೇರೆ. ಕೆಂಪು ಕೋಸಿನ ಪಲ್ಯ ಇತ್ತು, ಅದನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುತ್ತಾರೆ. ವೇಟರು ಪ್ರತಿ ಪದಾರ್ಥಕ್ಕೂ ಒಳಗೆ ಹೋಗಿ ಕೇಳಿ ಬಂದು, ಪೋಲೆ, ಎಂದು ತಲೆಯಾಡಿಸುತ್ತಿದ್ದ. ಕ್ಷಮಿಸಿ ಎಂದು ಅದರ ಅರ್ಥ. ಕೊನೆಗೆ ಅಡುಗೆಯವರು ನನ್ನೊಬ್ಬಳಿಗಾಗಿ ಕೋಸನ್ನು ಬೆಣ್ಣೆಯಲ್ಲಿ ಬೇಯಿಸಿಕೊಡಲು ಒಪ್ಪಿದರು. ಜೊತೆಗೆ ಬೇಯಿಸಿದ ಆಲೂಗಡ್ಡೆ. ಊರಿನಲ್ಲೆಲ್ಲ ದೊಡ್ಡ ಹೋಟೆಲು ಎಂದು ಹೆಸರಾದ ಕಡೆ ನನಗೆ ಸಿಕ್ಕಿದ್ದು ಜ್ವರ ಬಂದವರ ಊಟ.

ಏಳೂವರೆಗೆ ನನ್ನ ಮೊಬೈಲು ಹೊಡೆದುಕೊಂಡಿತು. ಯಜಮಾನರು.

“ನನ್ನ ಊಟ ಆಯ್ತು. ಬೆಂಗಳೂರಲ್ಲಿ ಆಗಲೇ ಬಂದಾಯ್ತು. ನಿಂದು?”

“ನಾನು ನಿಮ್ಮ ಹಾಗಲ್ಲ, ಕಾಯ್ತೀನಿ.”

“ಕಾಯಿ, ಕಾಯಿ. ಇಲ್ಲಿ ಕಿಟಕಿಯಿಂದ ನೋಡಿದ್ರೆ ಒಂದು ನಕ್ಷತ್ರಾನೂ ಕಾಣ್ತಿಲ್ಲ” ಎಂದು ನಕ್ಕು, ಆಮೇಲೆ ದನಿ ಇಳಿಸಿ, “ಹೇಗಿದಾಳೆ?” ಎಂದರು.

“ತುಳುವಲ್ಲಿ ಬೈತಿದಾಳೆ” ಎಂದೆ.

“ಹಾಗಾದ್ರೆ ಸರಿ” ಎಂದು ಇಟ್ಟರು.

ಎಂಟು ಗಂಟೆಗೆ ಊಟ ಬಂತು. ಅವಳ ಮುಂದೆ ಕಪ್ಪು ಬಾಣಲೆಯಲ್ಲಿ ಸ್ಪೆಟ್ಜ್ಲೆ ಇನ್ನೂ ಚುರುಗುಟ್ಟುತ್ತಿತ್ತು. ನನ್ನ ಮುಂದೆ ಆಲೂಗಡ್ಡೆ, ಕೋಸು. ತಿನ್ನು ಎಂದೆ. ಅವಳು ಫೋರ್ಕು ಮುಟ್ಟಲಿಲ್ಲ.

“ನಿಂದೂ ಆಗ್ಲಿ.”

“ಚೀಸು ಗಟ್ಟಿಯಾಗತ್ತೆ ಕಣೇ. ತಿನ್ನು, ನಾನು ನೋಡ್ತಾ ಕೂರ್ತೀನಿ.”

“ನೋಡ್ತಾ ಕೂರ್ಲಿಕ್ಕೆ ನೀನೇನು ಆಯಾ? ಒಟ್ಟಿಗೆ ಅಂದ್ರೆ ಒಟ್ಟಿಗೆ.”

ಎಂಟು ಇಪ್ಪತ್ತಾಯಿತು. ನಾನು ಎದ್ದು ವರಾಂಡಕ್ಕೆ ಹೋದೆ. ತೋಟದ ದೀಪಗಳು ಉರಿಯುತ್ತಿದ್ದವು. ಮೇಲೆ ಎಲ್ಲ ಬೂದಿ ಬಣ್ಣ. ಪೂರ್ವದ ಕಡೆ ಎಲ್ಲಾದರೂ ತುಸು ಬೆಳ್ಳಗಿದೆಯೇ ಎಂದು ಕತ್ತು ಚಾಚಿ ಚಾಚಿ ನೋಡಿದೆ. ಚಳಿಗೆ ಸೆರಗು ಹೊದ್ದುಕೊಂಡು ಒಳಗೆ ಬಂದೆ. ಎಂಟೂವರೆಗೆ ಮತ್ತೆ ಹೋದೆ. ಎಂಟು ನಲವತ್ತಕ್ಕೆ ಹೋಗುವಾಗ ಬೇರೆ ಮೇಜಿನವರು ನನ್ನ ಆರೋಗ್ಯದ ಬಗ್ಗೆ ಮಾತಾಡಿಕೊಳ್ಳುತ್ತಿದ್ದ ಹಾಗೆ ಕಂಡಿತು.

ವೇಟರು ಬಂದು, ಊಟ ಸರಿಯಿಲ್ಲವೇ ಮಮಾ ಎಂದು ಕೇಳಿದ. ಗೆಳತಿ ಇಂಗ್ಲಿಷಿನಲ್ಲಿ ಹೇಳಿದಳು: ಊಟ ಚೆನ್ನಾಗಿದೆ, ಈ ಹೆಂಗಸು ಚಂದ್ರನನ್ನು ನೋಡದೆ ತಿನ್ನುವುದಿಲ್ಲ, ಈ ಹೆಂಗಸು ತಿನ್ನದೆ ನಾನು ತಿನ್ನುವುದಿಲ್ಲ, ಒಂಬತ್ತರ ಮೇಲೆ ನಾನು ತಿನ್ನುವಂತೆಯೇ ಇಲ್ಲ. ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಅವರ ಮನೆಯಲ್ಲೂ ಇದೇ ಗಲಾಟೆಯಂತೆ. ರಂಜಾನ್ ಮುಗಿಯುವಾಗ ಅವನ ತಾಯಿ ಮೊಂಬಾಸಾದ ಚಂದ್ರನನ್ನು ಕಾಯುತ್ತಾಳೆ, ಚಿಕ್ಕಪ್ಪ ಮೆಕ್ಕಾದ ಚಂದ್ರ ಸಾಕು ಎನ್ನುತ್ತಾನೆ, ಒಂದೇ ಮನೆಯಲ್ಲಿ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಉಪವಾಸ. ನೀನು ಯಾವ ಕಡೆ ಎಂದು ಕೇಳಿದೆ. ಮೊದಲು ಯಾರು ಅಡುಗೆ ಮಾಡುತ್ತಾರೋ ಅವರ ಕಡೆ ಎಂದ. ನಮ್ಮ ಬಾಣಲೆಯನ್ನು ಬಿಸಿ ಮಾಡಿಕೊಂಡು ಬರಲು ಎತ್ತಿಕೊಂಡು ಹೋದ. ಅದು ಎರಡನೆಯ ಸಲ ಬಿಸಿಯಾಗುತ್ತಿದ್ದದ್ದು.

“ನೋಡೇ,” ನಾನು ಮುಂದೆ ಬಾಗಿದೆ, “ಹತ್ತು ನಿಮಿಷ ಕಳೆದ್ರೆ ನಿನಗೂ ಇಲ್ಲ, ನನಗೂ ಇಲ್ಲ. ಹಟ ಮಾಡ್ಬೇಡ. ನಿನ್ನ ಕೈ ಮುಗೀತೀನಿ, ತಿನ್ನು.”

“ಇಲ್ಲ.”

“ಯಾಕೆ ಹಿಂಗೆ ಪ್ರಾಣ ತಿಂತೀಯಾ?”

“ಯಾಕಂದ್ರೆ ಈ ಊರಲ್ಲಿ ಒಬ್ಳೇ ತಿಂದೂ ತಿಂದೂ ನಂಗೆ ಸಾಕಾಗಿ ಹೋಗಿದೆ. ಒಬ್ಳೇ ತಿನ್ಲಿಕ್ಕೆ ನಿನ್ನನ್ನು ಇಷ್ಟು ದೂರ ಕರ್ಕೊಂಡು ಬರ್ಬೇಕಿತ್ತಾ? ಮನೆಯಲ್ಲೇ ಆಗ್ತಿತ್ತಲ್ಲ.” ಮೋಂಬತ್ತಿಯ ಕರಗಿದ ಮೇಣವನ್ನು ಉಗುರಿನಲ್ಲಿ ಕೆರೆಯುತ್ತ ಹೇಳಿದಳು. “ಒಂದು ತಿಂಗಳು ಬಿಟ್ರೆ ಏನಾಗ್ತದೆ ನಿಂಗೆ? ಪ್ರತಿ ತಿಂಗಳು ಬರ್ತದಲ್ಲ ಈ ಸಂಕಷ್ಟಿ. ಅಭ್ಯಾಸ, ಅಷ್ಟೆ.”

ಅಭ್ಯಾಸ ಎಂಬ ಮಾತಿಗೆ ನನಗೆ ಎಲ್ಲಿತ್ತೋ ಸಿಟ್ಟು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

“ಇದು ಅಭ್ಯಾಸದ್ದಲ್ಲ ಕಣೇ ಮುಂಡೇದೆ! ನಿನಗೆ ಅಂತ ಹೇಳ್ಕೊಂಡಿದ್ದು. ನೀನು ಎದ್ದು ಓಡಾಡೋವರೆಗೂ ಚಂದ್ರನ್ನ ನೋಡದೆ ಒಂದು ಹನಿ ನೀರೂ ಕುಡಿಯಲ್ಲ ಅಂತ. ಇವತ್ತು ಮುರಿದು ನಾಳೆ ನಿನಗೆ ಏನಾದ್ರೂ ಆದ್ರೆ? ಆಮೇಲೆ ನಾನೇನು ಮಾಡ್ಲಿ? ಹೇಳು, ಏನು ಮಾಡ್ಲಿ?”

ಪಕ್ಕದ ಮೇಜಿನ ಬಿಳಿಯ ದಂಪತಿ ಚಮಚ ಕೆಳಗಿಟ್ಟರು. ಕನ್ನಡ ಬಾರದಿದ್ದರೂ ವಿಷಯ ಗಂಭೀರವಾದದ್ದು ಎಂದು ಅವರಿಗೆ ಗೊತ್ತಾಗಿರಬೇಕು.

ಅವಳು ನಗಲಿಲ್ಲ. ನಗುತ್ತಾಳೆ ಎಂದುಕೊಂಡಿದ್ದೆ. “ಯಾರು ಹೇಳಿದ್ದು ನಿಂಗೆ ಇದೆಲ್ಲ ಮಾಡ್ಲಿಕ್ಕೆ?” ಎಂದು ದಬಾಯಿಸಿ, ಕುರ್ಚಿ ಹಿಂದೆ ತಳ್ಳಿ ಹೊರಗೆ ಹೋದಳು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ನಡೆದಳು. ನೋವಾಗುವಾಗ ಹಾಗೆ ಮಾಡುತ್ತಿದ್ದಳು.

ಎರಡು ನಿಮಿಷದಲ್ಲಿ ವಾಪಸು ಬಂದಳು. ಮುಖವೆಲ್ಲ ಚಳಿಗೆ ಕೆಂಪಾಗಿತ್ತು.

“ಬಂದ.”

“ಯಾರು?”

“ನಿನ್ನ ಚಂದ್ರ. ಈಗಷ್ಟೇ ಒಂದು ಗಳಿಗೆ ಕಂಡ, ಮತ್ತೆ ಮೋಡದೊಳಗೆ ಹೋದ. ನಾನು ಕಣ್ಣಾರೆ ನೋಡಿದೆ. ನಿನ್ನ ಬದಲಿಗೆ ನಾನು ನೋಡಿದ್ರೂ ಆಗ್ತದಲ್ಲ, ವ್ರತ ನಂಗೇ ಅಲ್ವಾ?”

“ಯಾವ ಕಡೆ ಕಂಡ?”

ಅವಳು ಕೈ ಎತ್ತಿ ತೋರಿಸಿದಳು. ನ್ಗೊಂಗ್ ಬೆಟ್ಟದ ಕಡೆ. ಕರೆನ್‌ನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಸೂರ್ಯ ಮುಳುಗುವುದು ಆ ಬೆಟ್ಟದ ಹಿಂದೆ. ಅಷ್ಟು ವರ್ಷ ಬಾವಿ ತೋಡಿಸಲು ದಿಕ್ಕು ದೆಸೆ ನೋಡಿಕೊಂಡು ತಿರುಗಿದವಳು ನನಗಾಗಿ ಚಂದ್ರನನ್ನು ಪಶ್ಚಿಮದಲ್ಲಿ ಹುಟ್ಟಿಸಿದ್ದಳು. ದೇವರಿಲ್ಲ, ದಿಂಡರಿಲ್ಲ ಎನ್ನುವವಳು, ಸುಳ್ಳು ಹೇಳಿ ಕಣ್ಣು ಕೂಡ ಮಿಟುಕಿಸದೆ ನಿಂತಿದ್ದಳು. ಎಂಟು ಐವತ್ತಾಗಿತ್ತು.

ನನಗೆ ಏನು ತೋಚಿತೋ. “ನಿನ್ನ ಪಶ್ಚಿಮದ ಚಂದ್ರ ನನಗೆ ಬೇಡ, ಕೂತ್ಕೋ” ಎಂದೆ. “ಬೆಂಗಳೂರಲ್ಲಿ ಆಗಲೇ ಬಂದಾಯ್ತು.”

ಹನ್ನೆರಡು ವರ್ಷದ ದಾಂಪತ್ಯದಲ್ಲಿ ಯಾವ ಮಾತಿಗೆ ಯಜಮಾನರನ್ನು ಹಂಗಿಸಿ ಹಂಗಿಸಿ ಇಟ್ಟಿದ್ದೆನೋ ಅದೇ ಮಾತು ನನ್ನ ಬಾಯಿಂದ ಬಂತು. ಬೆಂಗಳೂರು ನೈರೋಬಿಗೆ ಈಶಾನ್ಯ. ಈಶಾನ್ಯದಲ್ಲಿ ಅಡುಗೆಮನೆಯ ಬಾಗಿಲಿತ್ತು, ಬಾಗಿಲ ಮೇಲೆ ಜಿಂಕೆ. ಚಂದ್ರನೊಳಗೂ ಜಿಂಕೆ ಇದೆ ಎನ್ನುತ್ತಾರಲ್ಲ, ನಡೆಯುತ್ತದೆ ಎಂದುಕೊಂಡು ಅದಕ್ಕೇ ಕೈ ಮುಗಿದೆ. ಅರ್ಘ್ಯಕ್ಕೆ ಅವಳ ಲೋಟದ ಗುಳ್ಳೆ ನೀರನ್ನು ಮೂರು ಸಲ ಕಿಟಕಿಯ ಹೂವಿನ ಕುಂಡಕ್ಕೆ ಬಿಟ್ಟೆ. ಡಬ್ಬಿ ತೆಗೆದು ಪಂಚಕಜ್ಜಾಯ ಅವಳ ಕೈಗೆ ಹಾಕಿದೆ. ಅವಳು ಮರುಮಾತಾಡದೆ ಬಾಯಿಗೆ ಹಾಕಿಕೊಂಡಳು. ಬಾಣಲೆ ತಂದ ವೇಟರೂ ಕೈ ಒಡ್ಡಿದ. ಅವನಿಗೂ ಒಂದು ಚಮಚ ಕೊಟ್ಟೆ.

ಆಮೇಲೆ ನಾವು ತಿಂದ ರೀತಿಯನ್ನು ಆ ಹೋಟೆಲಿನವರು ಅದಕ್ಕೆ ಮೊದಲೂ ಆಮೇಲೂ ಕಂಡಿರಲಾರರು. ರೈಲು ಹೊರಡುವ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ತಿನ್ನುವವರ ಹಾಗೆ ತಿಂದೆವು. ಅವಳು ಸ್ಪೆಟ್ಜ್ಲೆಯನ್ನು ಫೋರ್ಕು ಬಿಟ್ಟು ಚಮಚದಲ್ಲಿ ಬಳಿದಳು, ನನ್ನ ಆಲೂಗಡ್ಡೆಯಲ್ಲಿ ಎರಡು ಕಿತ್ತುಕೊಂಡಳು. ಕೋಸು ಸಿಹಿಸಿಹಿ, ಹುಳಿಹುಳಿ, ನಮ್ಮ ಗೊಜ್ಜಿಗೆ ದೂರದ ನೆಂಟ. ಬಾಯಿ ತುಂಬಿದ್ದಕ್ಕೆ ಮಾತಿಲ್ಲ. ಒಂದು ಸಲ ತಲೆ ಎತ್ತಿ, “ಉಪ್ಪು ಕಮ್ಮಿ” ಎಂದಳು, ಮತ್ತೆ ತಲೆ ತಗ್ಗಿಸಿದಳು. ಗೋಡೆಯ ಗಡಿಯಾರ ಒಂಬತ್ತು ಹೊಡೆಯುವಾಗ ಬಾಣಲೆಯ ತಳ ಕೆರೆದು, ಚಮಚ ಇಟ್ಟು, ಎರಡೂ ಕೈ ಮೇಲೆತ್ತಿದಳು. ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದ ಬೇಯಿಸಿದ ಆಲೂಗಡ್ಡೆ ತಿಂದಿಲ್ಲ.

ಹೊರಗೆ ಬಂದೆವು. ಕಾರಿನ ಬಾಗಿಲು ತೆಗೆಯುವಾಗ ತೋಟವೆಲ್ಲ ಬೆಳ್ಳಗಾಯಿತು. ತಿರುಗಿ ನೋಡಿದರೆ ಚಂದ್ರ, ಮರಗಳ ತುದಿಯಲ್ಲಿ, ಪೂರ್ವಕ್ಕೇ, ಮೋಡ ಹರಿದುಕೊಂಡು ನಿಂತಿದ್ದ. ಒಂಬತ್ತೂ ಕಾಲು. ಹದಿನೈದೇ ನಿಮಿಷ. ತೆಗೆದ ಬಾಗಿಲನ್ನು ಹಾಗೇ ಬಿಟ್ಟು, ತಪ್ಪಾಯಿತು ಎಂದು ಕೈ ಮುಗಿದೆ.

ಅವಳು ಕಾರಿನ ಆ ಬದಿಯಿಂದ ನನ್ನನ್ನೇ ನೋ‌ಡುತ್ತಿದ್ದಳು.

“ಇಲ್ಲಿ ಕೇಳು. ನಾಳೆ ಹೆಚ್ಚುಕಮ್ಮಿ ಆದ್ರೆ ಅದು ಡಾಕ್ಟರ ಲೆಕ್ಕ. ನಿನ್ನ ಲೆಕ್ಕ ಅಲ್ಲ. ಆಲೂಗಡ್ಡೆ ತಿಂದದ್ದಕ್ಕೆ ಯಾರೂ ಸಾಯುದಿಲ್ಲ. ಗೊತ್ತಾಯ್ತಾ? ಗೊತ್ತಾಯ್ತು ಅಂತ ಬಾಯಿಬಿಟ್ಟು ಹೇಳು.”

“ಗೊತ್ತಾಯ್ತು” ಎಂದೆ.

“ಹಾಂ. ಈಗ ಕೂತ್ಕೋ, ಚಳಿ.”

ದಾರಿಯುದ್ದಕ್ಕೂ ನಾನು ಅತ್ತೆ. ಅವಳು ಮಟಾಟುಗಳಿಗೆ ಬೈದಳು.

ಆಪರೇಷನ್ ಮಾರನೆಯ ದಿನ ಮಧ್ಯಾಹ್ನದವರೆಗೂ ನಡೆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಯಜಮಾನರೂ ನಾನೂ ಕೂತಿದ್ದೆವು. ಬೆಂಗಳೂರು ಚಂದ್ರನನ್ನು ನಂಬಿ ಊಟ ಮಾಡಿದೆ ಎಂದು ಅವರಿಗೆ ಅಲ್ಲೇ ಹೇಳಿದೆ. ಅವರು ಆ ದಿನ ಹಂಗಿಸಲಿಲ್ಲ. ಕೈ ಹಿಡಿದುಕೊಂಡರು. ಹಂಗಿಸಲು ಶುರು ಮಾಡಿದ್ದು, ಡಾಕ್ಟರು ಹೊರಗೆ ಬಂದು ಗಡ್ಡೆ ಹೊಟ್ಟೆ ಬಿಟ್ಟು ಆಚೆ ಹಬ್ಬಿಲ್ಲ ಎಂದು ಹೇಳಿದ ಮೇಲೆ.

ಅವಳು ಎದ್ದಳು, ಓಡಾಡಿದಳು. ಹಿಡಿಯಷ್ಟು ಅನ್ನ ತಿಂದು ಹಿಡಿ ತುಂಬ ಬೈಯುವ ಅಭ್ಯಾಸ ಮಾಡಿಕೊಂಡಳು. ಎರಡು ವರ್ಷದ ಮೇಲೆ ಕೆಲಸ ಬಿಟ್ಟು ಮಂಗಳೂರಿಗೆ ಹೋಗಿ, ಅಕ್ಕನ ಮನೆಯ ಮೇಲೊಂದು ಮನೆ ಮಾಡಿಕೊಂಡಳು. ನಾವು ಪಾರ್ಕ್‌ಲ್ಯಾಂಡ್ಸಿನಲ್ಲೇ ಉಳಿದೆವು. ಅವಳು ಹೋದ ಮೊದಲನೆಯ ತಿಂಗಳ ಸಂಕಷ್ಟಿಯ ಸಂಜೆ, ಇಲ್ಲಿ ಇನ್ನೂ ಬೆಳಕಿರುವಾಗಲೇ ಫೋನು ಬಂತು. “ಬಂದ, ಊಟ ಮಾಡು” ಎಂದಳು. ಅಷ್ಟೇ, ಇಟ್ಟಳು. ನಾನು ಊಟ ಮಾಡಿದೆ. ಹಾಗೆ ನನ್ನ ಪಕ್ಷಾಂತರ ಪೂರ್ತಿಯಾಯಿತು. ಯಜಮಾನರು ಎದುರಿಗೆ ಕೂತು ಹಪ್ಪಳ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ಅಲ್ಲಿಂದಾಚೆಗೆ ಪ್ರತಿ ತಿಂಗಳೂ ನನಗೆ ಅವಳ ಚಂದ್ರನೇ ಗತಿ.

ಒಂದು ಜೂನ್ ತಿಂಗಳಲ್ಲಿ ಹೊತ್ತಾದರೂ ಫೋನು ಬರಲಿಲ್ಲ. ಕ್ಯಾಲೆಂಡರಿನ ಹೊತ್ತು ಮೀರಿತು. ಯಜಮಾನರು ಉಂಡು ಎದ್ದರು. ನನ್ನ ಮನಸ್ಸು ಎಲ್ಲೆಲ್ಲೋ ಹೋಯಿತು, ಹೋಗಬಾರದ ಕಡೆಗೆಲ್ಲ ಹೋಯಿತು. ತಡೆಯಲಾರದೆ ನಾನೇ ಮಾಡಿದೆ. ಎಷ್ಟೋ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದಳು. ಹಿಂದೆ ಧೋ ಎನ್ನುವ ಸದ್ದು.

“ಎಲ್ಲಿ ಸತ್ತಿದ್ದೆಯೇ?” ಎಂದು ಕಿರುಚಿದೆ.

“ಟೆರೇಸಲ್ಲಿ. ಇಲ್ಲಿ ಮಳೆ ಮಾರಾಯ್ತಿ, ಎಂಥದೂ ಕಾಣುದಿಲ್ಲ. ಕೊಡೆ ಹಿಡ್ಕೊಂಡು ನಿಂತಿದ್ದೇನೆ. ಅಕ್ಕ ಕೆಳಗಿಂದ ಬೊಬ್ಬೆ ಹಾಕ್ತಿದ್ದಾಳೆ.”

“ಅಯ್ಯೋ, ಒಳಗೆ ಹೋಗೇ! ನೋಡಿದೆ ಅಂತ ಅಂದುಬಿಡು, ನನಗೆ ಹಸಿವಾಗ್ತಿದೆ.”

“ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ.”

“ಆವತ್ತು ಕರೆನ್‌ನಲ್ಲಿ ಹೇಳಿದ್ಯಲ್ಲ, ಕಣ್ಣು ಮಿಟುಕಿಸದೆ?”



“ಆವತ್ತು ನಾಳೆಗೆ ನಾನು ಇರುದಿಲ್ಲ ಅಂತ ನಂಗೆ ಗ್ಯಾರಂಟಿ ಇತ್ತು. ಅದಕ್ಕೇ ಧೈರ್ಯವಾಗಿ ಸುಳ್ಳು ಹೇಳಿದ್ದು,” ಎಂದಳು. “ಈಗ ಇರ್ಲಿಕ್ಕುಂಟಲ್ಲ. ಇಡ್ಬೇಡ ಫೋನು, ಅಲ್ಲೇ ಇರು. ಈಚೆ ಬದಿ ಸ್ವಲ್ಪ ಬೆಳ್ಳಗೆ ಕಾಣ್ತದೆ.”

ನಾನು ಫೋನು ಕಿವಿಗೆ ಇಟ್ಟುಕೊಂಡು, ಮುಚ್ಚಿಟ್ಟ ತಟ್ಟೆಯ ಮುಂದೆ ಕೂತೆ.